ನಾಲಗೆ ಬಚ್ಚಿಟ್ಟುಕೊಂಡ ಚಿಕ್ಕಮಲ್ಲಿ

ಚಾಮರಾಜನಗರದ ಅರಿಸಿನ ವ್ಯಾಪಾರಿ ನಂಜುಂಡಪ್ಪನವರ ತಂಗಿ ಶಾಂತಮಲ್ಲಮ್ಮನನ್ನು ನೋಡಲು ಕುದೇರಿನಿಂದ ಗಂಡಿನ ಕಡೆಯವರು ಬಂದಿದ್ದರು. ಗಂಡು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಪ್ಪಿಟ್ಟಿಗೆ ಕೈಹಾಕಿದ್ದ. ನಂಜುಂಡಪ್ಪನವರ ಏಳು ವರ್ಷದ ಮಗಳು ಚಿಕ್ಕಮಲ್ಲಿ ಅವನ ಮುಖದ ಹತ್ತಿರಕ್ಕೇ ಹೋಗಿ ಬಗ್ಗಿ ನೋಡಿ, ಹಿಂದಕ್ಕೆ ತಿರುಗಿ ಕೇಳಿದಳು:

“ಅತ್ತೆ, ಫೋಟೋ ನೋಡಿ ಇಲಿ ಬಾಲ ಅಂದ್ಯಲ್ಲ, ಇದೇ ಮೀಸೇನಾ?”

ಶಾಂತಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಬಿತ್ತು. ಗಂಡಿನ ಕಡೆಯವರು ಕಾಫಿಗೂ ಕಾಯದೆ ಎದ್ದರು.

ಅವರ ಗಾಡಿ ಬೀದಿ ತಿರುಗುವ ಮೊದಲೇ ಅಜ್ಜಿ ಪುಟ್ಟಬಸಮ್ಮ ಮೊಮ್ಮಗಳ ಕಿವಿ ಹಿಂಡಿದರು. “ಇನ್ನೊಂದ್ಸಲ ಬಾಯಿ ಬುಟ್ಟೀಯೆ, ಈ ನಾಲ್ಗೆ ಕತ್ತರ್ಸಿ ಬೇಲಿಗೆ ಎಸ್ದುಬುಡ್ತೀನಿ, ನೋಡ್ಕೊ!”

ಅಜ್ಜಿಗೆ ಅದು ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಚಿಕ್ಕಮಲ್ಲಿ ನಂಬಿದಳು. ಅವತ್ತಿನಿಂದ ಅವಳ ಮಾತು ನಿಂತಿತು. ಊಟಕ್ಕೆ ಕೂತರೆ ಎಡಗೈಯಲ್ಲಿ ಬಾಯಿ ಮರೆಮಾಡಿಕೊಂಡು ತುತ್ತು ಇಡುವಳು. ಅಜ್ಜಿ ಅಡಕತ್ತರಿ ಕೈಗೆತ್ತಿಕೊಂಡರೆ ಕಣಜದ ಹಿಂದೆ ಓಡುವಳು. ವಿಭೂತಿ ಹಚ್ಚಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಬಾಯಿ ತೆಗಿ ಎಂದ ಡಾಕ್ಟರ ಬೆರಳನ್ನು ಅವಳು ಕಚ್ಚಿದ್ದೂ ಆಯಿತು.

ಗುಂಡ್ಲುಪೇಟೆಯಲ್ಲಿ ಶಿಶುವಿಹಾರ ನಡೆಸುವ ಯಶೋದಮ್ಮ ಎಂಬುವರು ಹೆದರಿದ ಮಕ್ಕಳನ್ನು ಆಟ ಆಡಿಸಿಯೇ ಸರಿಮಾಡುತ್ತಾರಂತೆ ಎಂದು ಯಾರೋ ಹೇಳಿದರು. ಪುಟ್ಟಬಸಮ್ಮನವರ ತಂಗಿಯ ಮನೆ ಅದೇ ಊರಲ್ಲಿತ್ತು. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು.

ಹೆಣ್ಣು ನೋಡಲು ಬಂದ ದಿನದ ಸಂಗತಿಯನ್ನು ಅಜ್ಜಿಯಿಂದ ಕೇಳಿಕೊಂಡ ಯಶೋದಮ್ಮ ಮಗುವಿನ ನಾಡಿ ಹಿಡಿಯಲಿಲ್ಲ, ಔಷಧಿ ಕೊಡಲಿಲ್ಲ. ಒಂದು ಬಾಂಡ್ಲಿಯ ತುಂಬ ಕಲಸಿದ ಜೇಡಿಮಣ್ಣು ತಂದಿಟ್ಟರು.

“ಇಲ್ಲಿ ಮಾತಾಡೋದು ಬೊಂಬೆಗಳು. ಬೊಂಬೆ ಏನಂದರೂ ಯಾರೂ ಬಯ್ಯೋ ಹಾಗಿಲ್ಲ,” ಎಂದರು.

“ಮಣ್ಣಾಡಕ್ಕೆ ಬಸ್ ಚಾರ್ಜು ಕೊಟ್ಟು ಇಲ್ಲಿಗಂಟ ಬರ್ಬೇಕಿತ್ತಾ? ನಮ್ಮ ಹಿತ್ಲಲ್ಲೇ ಬೇಕಾದಷ್ಟು ಬಿದ್ದದೆ!” ಎಂದು ಪುಟ್ಟಬಸಮ್ಮ ಬಾಗಿಲಲ್ಲೇ ಕೂತು ಗೊಣಗಿದರು.

ಮೊದಮೊದಲು ಚಿಕ್ಕಮಲ್ಲಿ ಉಂಡೆ ಕಟ್ಟಿ ಗೋಡೆಗೆ ಹೊಡೆದಳು. ಯಶೋದಮ್ಮನೂ ಪಕ್ಕದಲ್ಲಿ ನಿಂತು ಹೊಡೆದರು. ಕೆಲವು ದಿನ ಕಳೆದ ಮೇಲೆ ಮಣ್ಣು ಆಕಾರಕ್ಕೆ ಬಂತು. ಸಾಲಾಗಿ ಕೂತ ಗಂಡಸರು. ಒಬ್ಬನಿಗೆ ಪೊರಕೆ ಕಡ್ಡಿಯ ಮೀಸೆ. ಸೆರಗು ಹೊದ್ದ ಅತ್ತೆ. ಎರಡು ಕಡ್ಡಿಗಳನ್ನು ಕತ್ತರಿಯಂತೆ ಹಿಡಿದ ದಪ್ಪ ಅಜ್ಜಿ. ಮೂಲೆಯಲ್ಲಿ ಬಾಯಿಯೇ ಇಲ್ಲದ ಪುಟ್ಟ ಹುಡುಗಿ.

ಯಶೋದಮ್ಮ ಎಲ್ಲವನ್ನೂ ನೋಡಿದರು. ಆಮೇಲೆ ಏನೂ ತಿಳಿಯದವರಂತೆ ಮೀಸೆಯನ್ನು ಕಿತ್ತು ಅತ್ತೆಯ ಮೂಗಿನ ಕೆಳಗೆ ಸಿಕ್ಕಿಸಿದರು. “ನಾನೇ ಗಂಡು. ಉಪ್ಪಿಟ್ಟು ಎಲ್ಲಿ?” ಎಂದು ಗಡಸು ದನಿಯಲ್ಲಿ ಕೇಳಿದರು.

ಚಿಕ್ಕಮಲ್ಲಿಗೆ ನಗು ಉಕ್ಕಿತು. ತಡೆಯಲಾಗಲಿಲ್ಲ.

“ಅಯ್ಯೋ, ಅದು ಅತ್ತೆಗಲ್ಲ!”

ಅಂದವಳೇ ಬಾಯಿ ಮುಚ್ಚಿಕೊಂಡಳು. ಕಣ್ಣು ಅಗಲಿಸಿ ಬಾಗಿಲ ಕಡೆ ನೋಡಿದಳು. ಮೆಲ್ಲಗೆ ಬಾಯೊಳಗೆ ಬೆರಳು ಹಾಕಿ ತಡಕಿದಳು. ನಾಲಗೆ ಇತ್ತು.

ಯಶೋದಮ್ಮ ಅದನ್ನು ಕಂಡೂ ಕಾಣದಂತೆ, “ಹಾಗಾದರೆ ಅತ್ತೆ ಯಾಕೆ ನಕ್ಕಳು?” ಎಂದರು.

ಚಿಕ್ಕಮಲ್ಲಿ ಅತ್ತೆಯ ಬೊಂಬೆ ಎತ್ತಿಕೊಂಡು ಅದರ ದನಿಯಲ್ಲೇ ಹೇಳಿದಳು: “ನಂಗಾ ಗಂಡು ಬ್ಯಾಡ. ಆದ್ರೆ ನನ್ನ ಕೇಳೋರ್ಯಾರು?”

ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಪುಟ್ಟಬಸಮ್ಮನವರ ಬೆರಳು ಅಲ್ಲೇ ನಿಂತಿತು.

ಆದರೂ ಅಜ್ಜಿ ಎದುರಿಗೆ ಬಂದರೆ ಹುಡುಗಿಯ ಬಾಯಿ ಮತ್ತೆ ಮುಚ್ಚುತ್ತಿತ್ತು. ಯಶೋದಮ್ಮ ಮಾರನೆಯ ದಿನ ಅಜ್ಜಿಯನ್ನೇ ಒಳಗೆ ಕರೆದರು.

“ಇವತ್ತು ಚಿಕ್ಕಮಲ್ಲೀನೇ ಅಜ್ಜಿ. ನೀವು ಮೊಮ್ಮಗಳು.”

“ಈ ವಯಸ್ನಲ್ಲಿ ನಂಗಿದೇನು ಗಾಚಾರ!” ಎನ್ನುತ್ತಲೇ ಪುಟ್ಟಬಸಮ್ಮ ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತರು.

ಚಿಕ್ಕಮಲ್ಲಿ ಹಳೇ ಸೀರೆಯ ತುಂಡೊಂದನ್ನು ತಲೆಗೆ ಹೊದ್ದು, ಸೊಂಟಕ್ಕೆ ಕೈಯಿಟ್ಟು, ಕೆಮ್ಮಿ, ಥೇಟ್ ಅಜ್ಜಿಯ ಗಂಟಲಲ್ಲಿ ಗದರಿದಳು: “ಏನಮ್ಮಿ, ದೊಡ್ಡೋರ ಮುಂದೆ ಮಾತಾಡ್ತೀಯಾ? ಚಾಚು ನಾಲ್ಗೆ!”

ಸುತ್ತಲಿದ್ದ ಮಕ್ಕಳೆಲ್ಲ ನೋಡುತ್ತಿದ್ದರು. ಪುಟ್ಟಬಸಮ್ಮ ಎಲೆಅಡಕೆಯಿಂದ ಕೆಂಪಾದ ನಾಲಗೆ ಚಾಚಿದರು. ಚಿಕ್ಕಮಲ್ಲಿಯ ಕಡ್ಡಿಕತ್ತರಿ ಹತ್ತಿರ ಬಂತು. ಅದನ್ನು ಹಿಡಿದವಳು ಎಡಗೈಯಲ್ಲಿ ತನ್ನ ಬಾಯಿಯನ್ನೇ ಮುಚ್ಚಿಕೊಂಡಿರುವುದು ಅಜ್ಜಿಗೆ ಕಂಡಿತು. ಅವರ ಕಣ್ಣು ತುಂಬಿತು.

“ಬ್ಯಾಡ ಕಣಮ್ಮಿ. ಕ್ವಾಪದಲ್ಲಿ ಅಂದ್ಬುಟ್ಟೆ. ಯಾರ ನಾಲ್ಗೇನೂ ಯಾರೂ ಕತ್ತರ್ಸಕಿಲ್ಲ.”

“ನೀನು ಮಗು! ಮಗು ತರಾನೇ ಮಾತಾಡು!” ಎಂದು ಚಿಕ್ಕಮಲ್ಲಿ ರೇಗಿದಳು.

ಪುಟ್ಟಬಸಮ್ಮ ಮೂಗು ಒರೆಸಿಕೊಂಡು ಸಣ್ಣ ದನಿ ಮಾಡಿದರು. “ಅಜ್ಜಿ, ನಾನು ಕೇಳಿದ್ದು ತಪ್ಪಾ?”

ಚಿಕ್ಕಮಲ್ಲಿ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಳು. “ತಪ್ಪೇನಿಲ್ಲ ಬುಡು. ಆದ್ರೆ ಗಂಡು ಉಪ್ಪಿಟ್ಟು ತಿಂದಾದ್ಮೇಲೆ ಕೇಳ್ಬೇಕು.”

ಕಡ್ಡಿಗಳನ್ನು ಬಿಸಾಕಿ ಅಜ್ಜಿಯ ತೊಡೆಯೇರಿ ಕೂತಳು. ಅಂದು ಸಂಜೆಯವರೆಗೂ ಅವಳ ಮಾತು ನಿಲ್ಲಲಿಲ್ಲ.

ಇನ್ನು ಊರಿಗೆ ಹೊರಡಬಹುದು ಎಂದು ಯಶೋದಮ್ಮ ಹೇಳಿದರು. ಪುಟ್ಟಬಸಮ್ಮ ಒಪ್ಪಲಿಲ್ಲ. “ಮಗೀಗೆ ಪೂರ್ತಿ ವಾಸಿಯಾಗ್ಯದೋ ಇಲ್ವೋ. ಇನ್ನೊಂದು ವಾರ ಇರ್ತೀವಿ.”

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಿಶುವಿಹಾರಕ್ಕೆ ಬಂದವರು ಅವರೇ. ಯಶೋದಮ್ಮ ಬಂದು ನೋಡಿದಾಗ ಅಜ್ಜಿ ಬಾಂಡ್ಲಿಯ ಮುಂದೆ ಕೂತಿದ್ದರು. ತೀರಿಹೋದ ತಮ್ಮ ಯಜಮಾನರನ್ನು ಪೇಟ ಸಮೇತ ಮಣ್ಣಲ್ಲಿ ಮಾಡಿ ನಿಲ್ಲಿಸಿ, ಬೆರಳು ತೋರಿಸಿ ಕೇಳುತ್ತಿದ್ದರು:

“ಮೈಸೂರು ದಸರಾ ತೋರಿಸ್ತೀನಿ, ತೋರಿಸ್ತೀನಿ ಅಂತ ವರ್ಸವರ್ಸವೂ ಸುಳ್ಳೇಳುದ್ರಲ್ಲ, ಈಗ ಹೇಳಿ ನೋಡನ, ಯಾವಾಗ ಕರ್ಕೊಂಡೋಯ್ತೀರಿ?”