ಪುರಸಭೆಯ ಮಾಳಿಗೆ ಮೇಲಿನ ಭೋಂಗಾ

ನಾನು ಒಂದು ಸೈರನ್. ನೀರಲಕೊಪ್ಪದ ಜನ ನನ್ನನ್ನು ಭೋಂಗಾ ಎನ್ನುತ್ತಾರೆ. ಹುಬ್ಬಳ್ಳಿಯ ರೈಲು ಹಳಿಗಳ ಆಚೆ, ಎರಕದ ಕೆಲಸ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಕಾದ ಕಬ್ಬಿಣವನ್ನು ಮಣ್ಣಿನ ಅಚ್ಚಿಗೆ ಸುರಿದು ನನ್ನ ಮೈ ಮಾಡಿದರು. ಹೊಟ್ಟೆಯೊಳಗೆ ಮೋಟಾರು, ಅದರ ತುದಿಗೆ ಕಿಂಡಿಗಳಿರುವ ಒಂದು ಗಾಲಿ. ಗಾಲಿ ತಿರುಗಿದರೆ ಒಳಗಿನ ಗಾಳಿಯೇ ಕೂಗಾಗುತ್ತದೆ. ಮೊದಲ ಸಲ ಕರೆಂಟು ಕೊಟ್ಟಾಗ ಮೇಸ್ತ್ರಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಕ್ಕಿದ್ದ. ನನಗಿರುವುದು ಒಂದೇ ಕೂಗು. ಮೆಲ್ಲಗೆ ಶುರುವಾಗಿ ಏರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ನರಳುತ್ತ ಇಳಿಯುತ್ತದೆ. ಒಳ್ಳೆಯದಕ್ಕೊಂದು ಕೆಟ್ಟದ್ದಕ್ಕೊಂದು ಎಂದು ಬೇರೆ ದನಿಯನ್ನು ನನಗೆ ಯಾರೂ ಕೊಡಲಿಲ್ಲ.

ನನ್ನನ್ನು ಮೊದಲು ಕೊಂಡವರು ನೀರಲಕೊಪ್ಪದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಾಲೀಕರು. ಜಿನ್ನಿನ ಮಾಳಿಗೆಯ ಮೇಲೆ ನನ್ನನ್ನು ಕೂರಿಸಿದರು. ಕೆಲಸ ಶುರುವಾಗಲು ಒಮ್ಮೆ, ಊಟಕ್ಕೆ ಒಮ್ಮೆ, ಕೆಲಸ ಬಿಡುವಾಗ ಒಮ್ಮೆ ಕೂಗುತ್ತಿದ್ದೆ. ಊರಿನ ಹೆಂಗಸರು ನನ್ನ ಕೂಗು ಕೇಳಿ ಒಲೆಗೆ ಬೆಂಕಿ ಹಾಕುತ್ತಿದ್ದರು. ಹತ್ತಿ ಆರಿಸುವ ಹೆಂಗಸರ ಗುಂಪಿನಲ್ಲಿ ಫಕೀರವ್ವ ಬಡಿಗೇರ ಎಂಬ ಹುಡುಗಿ ಇದ್ದಳು. ಹೊಸದಾಗಿ ಮದುವೆಯಾಗಿ ಬಂದವಳು. ತಲೆಗೂದಲಿಗೆ ಹತ್ತಿಯ ಎಳೆ ಮೆತ್ತಿಕೊಂಡು ಹೊರಬಂದು, ನನ್ನ ಕಡೆ ಕತ್ತೆತ್ತಿ, ಇವತ್ತು ತಡವಾಗಿ ಕೂಗಿದೆ ಎಂದು ಬೈಯುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಹತ್ತಿಯ ರಾಶಿಗೆ ಬೆಂಕಿ ಬಿತ್ತು. ಕಾವಲಿನವನು ಓಡಿಬಂದು ನನ್ನ ಸ್ವಿಚ್ಚು ಒತ್ತಿದ. ಹೊತ್ತಲ್ಲದ ಹೊತ್ತಿನಲ್ಲಿ ನಾನು ಕೂಗಿದ್ದು ಅದೇ ಮೊದಲು. ಹೊಗೆಯೊಳಗಿಂದ ಫಕೀರವ್ವ ಹೆಂಗಸರನ್ನು ಒಬ್ಬೊಬ್ಬರಾಗಿ ಕೈಹಿಡಿದು ಎಳೆದು ತಂದಳು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆ ಸಂಜೆ ಅವಳು ನನ್ನ ಕೆಳಗೆ ನಿಂತು ಕೈಮುಗಿದದ್ದನ್ನು ನಾನು ನೋಡಿದೆ. ಅವಳಿಗೆ ನನ್ನ ಮೇಲೆ ನಂಬಿಕೆ ಹುಟ್ಟಿದ್ದು ಆವತ್ತು.

ಜಿನ್ನು ಮುಚ್ಚಿತು. ನನ್ನನ್ನು ಬಿಚ್ಚಿ ಮೆಹಬೂಬಸಾಬರ ಗುಜರಿ ಅಂಗಡಿಗೆ ಹಾಕಿದರು. ಅವರು ನನ್ನನ್ನು ಒಡೆದು ತೂಕಕ್ಕೆ ಮಾರಲಿಲ್ಲ. ಊರಿಗೆಲ್ಲ ಹೊತ್ತು ಹೇಳಿದ ಸಾಮಾನು, ಇರಲಿ ಎಂದು ಬೇವಿನ ಮರದ ಬುಡದಲ್ಲಿ ಇಟ್ಟರು. ನನ್ನ ಬಾಯೊಳಗೆ ಒಂದು ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಮರಿಗಳು ನನ್ನ ಕಿಂಡಿಗಳಿಂದ ಇಣುಕಿ ನೋಡುತ್ತಿದ್ದವು. ನನ್ನ ಬದುಕಿನಲ್ಲಿ ಸುಖದ ದಿನಗಳೆಂದರೆ ಅವೇ.

ಎಷ್ಟೋ ವರ್ಷಗಳ ಮೇಲೆ ಊರಿಗೆ ಭಯ ಬಂತು. ಮೊದಲು ಸಂತೆಯಲ್ಲಿ ಒಬ್ಬಳ ಕೊರಳಿನ ಸರ ಹೋಯಿತು. ಆಮೇಲೆ ಪ್ಯಾಟಿ ಓಣಿಯಲ್ಲಿ ಗುರಬಸಮ್ಮ ಎಂಬ ಮುದುಕಿಯ ತಲೆಗೆ ಹೊಡೆದು ಅವಳ ಕೈಯ ಬಂಗಾರದ ಬಿಲ್ವಾರ ಬಳೆ ಕಸಿದುಕೊಂಡು ಹೋದರು. ಮುದುಕಿ ಮಾತು ನಿಂತು ಹಾಸಿಗೆ ಹಿಡಿದಳು. ಹೊರಗಿನಿಂದ ಗುಂಪು ಬಂದಿದೆ, ಹಗಲು ಬಾಗಿಲು ನೋಡಿಕೊಂಡು ಹೋಗಿ ರಾತ್ರಿ ಮತ್ತೆ ಬರುತ್ತಾರೆ ಎಂದು ಜನ ಮಾತಾಡಿಕೊಂಡರು. ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಮಲಗುತ್ತಿದ್ದವರು ಒಳಗೆ ಬೆವರುತ್ತ ಮಲಗಿದರು. ಬಳೆ ಮಾರುವವರು ಬಂದರೂ ಬಾಗಿಲು ತೆರೆಯಲಿಲ್ಲ.

ಪುರಸಭೆಯ ಸದಸ್ಯರು ವಿಶೇಷ ಸಭೆ ಕರೆದರು. ಆ ಸಭೆಯಲ್ಲಿ ನಾನಿರಲಿಲ್ಲ. ಅಲ್ಲಿ ನಡೆದದ್ದನ್ನು ಪುರಸಭೆಯ ಸಿಪಾಯಿ ದ್ಯಾಮಣ್ಣ, ನನ್ನನ್ನು ಕೂರಿಸಲು ಬಂದ ಲೈಟಿನವನಿಗೆ ಹೇಳುತ್ತಿದ್ದಾಗ ಕೇಳಿದೆ. ಅಧ್ಯಕ್ಷರು ಅಂದಾನಪ್ಪ ಶೆಟ್ಟರ, ಕಾಳಿನ ವ್ಯಾಪಾರಿ. ಹಳೆಯ ಭೋಂಗಾವನ್ನು ತಂದು ಪುರಸಭೆಯ ಮೇಲೆ ಹಾಕೋಣ, ಗುರುತಿಲ್ಲದವರು ಕಂಡರೆ ಫೋನು ಮಾಡಲಿ, ಭೋಂಗಾ ಕೂಗಿದೊಡನೆ ಊರೆಲ್ಲ ಹೊರಗೆ ಬರಲಿ ಎಂದು ಅವರು ಸೂಚಿಸಿದರು. ಎಲ್ಲರೂ ಮೇಜು ತಟ್ಟಿದರು. ಫಕೀರವ್ವ ಆಗಲೇ ಎಷ್ಟೋ ಸಲ ಗೆದ್ದು ಬಂದ ಸದಸ್ಯೆ. ಗಂಡ ತೀರಿಕೊಂಡಿದ್ದ, ಕೂದಲು ಬೆಳ್ಳಗಾಗಿತ್ತು. ಅವಳೊಬ್ಬಳೇ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳಂತೆ.

"ಭೋಂಗಾ ಕೇಳಿ ಮಂದಿ ಹೊರಗ ಬರ್ತಾರ, ಖರೆ. ಬಂದ ಮ್ಯಾಲ ಏನ್ ಮಾಡಬೇಕು ಅನ್ನೂದನ್ನ ಯಾರ್ ಹೇಳ್ತೀರಿ?"

ಅದನ್ನೆಲ್ಲ ಪೊಲೀಸರು ನೋಡಿಕೊಳ್ಳುತ್ತಾರೆ ಅಕ್ಕಾರ ಎಂದು ಯಾರೋ ನಕ್ಕರು. ಅವಳು ಕೂತಳು. ಕೈ ಎತ್ತುವ ಹೊತ್ತಿಗೆ ಅವಳೂ ಎತ್ತಿದಳು. ಬೆಂಕಿಯಿಂದ ಉಳಿಸಿದ ದನಿಗೆ ಇಲ್ಲವೆನ್ನಲು ಅವಳಿಗೆ ಮನಸ್ಸು ಬರಲಿಲ್ಲ.

ಹೀಗೆ ನಾನು ಪುರಸಭೆಯ ಮಾಳಿಗೆಗೆ ಬಂದೆ. ನನಗೆ ಕೆಂಪು ಬಣ್ಣ ಬಳಿದರು. ನನ್ನ ಬುಡದಲ್ಲೇ ಸಭೆಯ ಕೋಣೆಯ ಬೆಳಕಿಂಡಿ ಇತ್ತು. ಅದರಿಂದ ಕೆಳಗಿನ ಮಾತೆಲ್ಲ ನನಗೆ ಕೇಳುತ್ತಿತ್ತು, ತಲೆಗಳು, ಮೇಜು, ಗೋಡೆಯ ಮೇಲಿನ ನನ್ನ ಸ್ವಿಚ್ಚು ಕಾಣುತ್ತಿದ್ದವು.

ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ ಎಳೆಯ ಪ್ರಾಯದವನು ಕುಂಬಾರ ಓಣಿಗೆ ಬಂದ. ಪ್ರತಿ ಮನೆಯ ಬಾಗಿಲ ಮುಂದೆ ನಿಲ್ಲುತ್ತಿದ್ದ, ನೋಡುತ್ತಿದ್ದ, ಮುಂದೆ ಹೋಗುತ್ತಿದ್ದ. ಮೇಲಿನಿಂದ ನನಗೆ ಅವನು ಚೆನ್ನಾಗಿ ಕಾಣುತ್ತಿದ್ದ. ಯಾರೋ ಕಿಟಕಿಯಿಂದ ಯಾರು ನೀನು ಎಂದು ಕೂಗಿದರು. ಅವನು ತಿರುಗಿಯೂ ನೋಡಲಿಲ್ಲ. ಫೋನು ಬಂತು. ದ್ಯಾಮಣ್ಣ ಸ್ವಿಚ್ಚು ಒತ್ತಿದ.

ನಾನು ಕೂಗಿದೆ. ಬಾಗಿಲುಗಳೆಲ್ಲ ತೆರೆದವು. ಬಡಿಗೆ, ಕೊಡಲಿ, ಒನಕೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಜನ ಹೊರಬಂದರು. ಇಡೀ ಊರಿಗೆ ನನ್ನ ಕೂಗು ಕೇಳಿತು. ಆ ಒಬ್ಬನಿಗೆ ಮಾತ್ರ ಕೇಳಲಿಲ್ಲ. ಅವನು ಹುಟ್ಟು ಕಿವುಡ. ಹೆಸರು ಬೀರಪ್ಪ, ಪಕ್ಕದ ತಾಲ್ಲೂಕಿನ ಕಂಬಳಿ ನೇಯುವವರ ಮಗ. ಅವನ ಅಕ್ಕ ಕೆಂಚವ್ವ ಅದೇ ಓಣಿಯ ಬಾಡಿಗೆ ಮನೆಗೆ ಹೊಸದಾಗಿ ಬಂದಿದ್ದಳು. ಹೆತ್ತು ಒಂದು ತಿಂಗಳಾಗಿತ್ತು. ನೀಲಿ ಬಾಗಿಲಿನ ಮನೆ ಎಂದು ಮನೆಯವರು ಅವನಿಗೆ ಕೈಸನ್ನೆಯಲ್ಲಿ ಹೇಳಿಕಳಿಸಿದ್ದರು. ಅವನು ನೀಲಿ ಬಾಗಿಲು ಹುಡುಕುತ್ತಿದ್ದ. ಇದೆಲ್ಲ ಊರಿಗೆ ತಿಳಿದದ್ದು ಆಮೇಲೆ.

ಬೆನ್ನ ಹಿಂದೆ ಬೆಳಕು ಬಿದ್ದಾಗ ಅವನು ತಿರುಗಿದ. ಅಷ್ಟೊಂದು ಮುಖಗಳನ್ನು ಕಂಡು ಓಡಿದ. ಓಡಿದ್ದೇ ತಪ್ಪಾಯಿತು. ಹಾಳು ಬಾವಿಯ ಹತ್ತಿರ ಬ್ಯಾಟರಿಯ ಬೆಳಕುಗಳೆಲ್ಲ ಒಂದೇ ಕಡೆ ಕೂಡಿದವು. ಫಕೀರವ್ವ ಸೆರಗು ಜಾರುವುದನ್ನೂ ನೋಡದೆ ಬಿಡ್ರೋ, ಬಿಡ್ರೋ ಎನ್ನುತ್ತ ಓಡುತ್ತಿದ್ದಳು. ಅವಳ ದನಿ ಯಾರಿಗೂ ಕೇಳಲಿಲ್ಲ, ಏಕೆಂದರೆ ನಾನು ಇನ್ನೂ ಕೂಗುತ್ತಿದ್ದೆ. ಅವಳು ಜನರ ಕಾಲ ಸಂದಿಯಲ್ಲಿ ನುಗ್ಗಿ ಅವನ ಮೇಲೆ ಅಡ್ಡ ಬಿದ್ದಳು. ಒಂದು ಏಟು ಅವಳ ಎಡಗೈಗೆ ಬಿದ್ದು ಮೂಳೆ ಮುರಿಯಿತು. ಆಗ ಎಲ್ಲರೂ ನಿಂತರು.

ಕೆಂಚವ್ವ ಕೂಸನ್ನು ಎತ್ತಿಕೊಂಡು ಗುಂಪಿನ ಅಂಚಿಗೆ ಬಂದಿದ್ದಳು. ಎಲ್ಲರಂತೆ ಅವಳೂ ಕೂಗು ಕೇಳಿಯೇ ಬಂದವಳು. ಕಳ್ಳ ಸಿಕ್ಕನೇನು ಎಂದು ಪಕ್ಕದವರನ್ನು ಕೇಳಿದಳಂತೆ. ಆಮೇಲೆ ಅವಳಿಗೆ ಕಂಬಳಿ ಕಾಣಿಸಿತು.

ಬೀರಪ್ಪ ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡ. ಕೆಲವರನ್ನು ಪೊಲೀಸರು ಹಿಡಿದುಕೊಂಡು ಹೋದರು, ಅವರು ಜಾಮೀನಿನ ಮೇಲೆ ಮನೆಗೆ ಬಂದರು. ಕೇಸು ಇನ್ನೂ ನಡೆಯುತ್ತಿದೆ ಎನ್ನುತ್ತಾರೆ. ಗುರಬಸಮ್ಮನನ್ನು ಹೊಡೆದವನೂ ಸಿಕ್ಕ. ಅವಳ ಮನೆಯ ಮೇಲಿನ ಕೋಣೆಯಲ್ಲೇ ಬಾಡಿಗೆಗಿದ್ದವನು, ದಿನಾ ಅವಳಿಗೆ ಹಾಲು ತಂದುಕೊಡುತ್ತಿದ್ದವನು.

ಆಮೇಲೆ ನನ್ನ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ದ್ಯಾಮಣ್ಣ ಅದರ ಮೇಲೆ ಒಂದು ಕ್ಯಾಲೆಂಡರು ತೂಗುಹಾಕಿದ. ನನ್ನನ್ನು ಇಳಿಸಿ ಎಂದೂ ಯಾರೂ ಹೇಳಲಿಲ್ಲ, ಹೇಳಿದರೆ ಆ ಸಂಜೆಯ ಮಾತು ಬರುತ್ತದೆ. ಕೆಳಗಿನ ಬೀದಿಯಲ್ಲಿ ಹೋಗುವವರು ತಲೆಯೆತ್ತುವುದನ್ನು ಬಿಟ್ಟರು. ಕೆಂಚವ್ವ ಮಾತ್ರ ನೀರು ತರಲು ಬಂದಾಗ ಕೊಡ ಕೆಳಗಿಟ್ಟು ನನ್ನನ್ನು ನೋಡುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಅವಳು ಸುಮ್ಮನೆ ನೋಡಿ ಹೋಗುತ್ತಿದ್ದಳು. ಗಾಳಿ ಜೋರಾದ ದಿನ ನನ್ನ ಗಾಲಿ ತಾನೇ ಅರ್ಧ ಸುತ್ತು ತಿರುಗಿ ಸಣ್ಣಗೆ ನರಳುತ್ತಿತ್ತು. ಆಗೆಲ್ಲ ನನಗೆ ಹಾಳು ಬಾವಿಯ ಕಡೆ ಬೆಳಕು ಓಡುವುದು ಕಾಣುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಪುರಸಭೆಯ ಅವಧಿ ಮುಗಿಯುತ್ತ ಬಂತು. ಫಕೀರವ್ವ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದಳು. ಕೊನೆಯ ಸಭೆಯಲ್ಲಿ ಅವಳಿಗೆ ಸತ್ಕಾರ ಎಂದು ಗೊತ್ತುಮಾಡಿದರು. ಅದೇ ದಿನಗಳಲ್ಲಿ ಊರಿಗೆ ಮತ್ತೆ ಭಯ ಬಂದಿತ್ತು. ಎರಡು ಬೈಕು ಕಳುವಾಗಿದ್ದವು, ಒಂದು ಅಂಗಡಿಯ ಬೀಗ ಮುರಿದಿದ್ದರು. ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದಿದ್ದಾರೆ ಎಂಬ ಮಾತು ಫೋನಿನಿಂದ ಫೋನಿಗೆ ಹರಿದಾಡುತ್ತಿತ್ತು. ಸಭೆಯ ಬೆಳಿಗ್ಗೆ ಲೈಟಿನವನು ಏಣಿ ಹತ್ತಿ ಬಂದು ನನಗೆ ಎಣ್ಣೆ ಬಿಟ್ಟ, ಹೊಸ ತಂತಿ ಹಾಕಿದ. ಎಣ್ಣೆ ಇಳಿದಂತೆ ನನ್ನ ಗಾಲಿ ಸಡಿಲವಾಯಿತು. ಅಷ್ಟು ದಿನ ಬಿಗಿಯಾಗಿದ್ದದ್ದೇ ನನಗೆ ಸಮಾಧಾನವಾಗಿತ್ತು.

ಮಧ್ಯಾಹ್ನ ಸದಸ್ಯರು ಕೂಡಿದರು. ಬೀದಿದೀಪ, ಕ್ಯಾಮೆರಾ, ರಾತ್ರಿ ಗಸ್ತು ಎಂದು ಒಬ್ಬೊಬ್ಬರು ಮಾತಾಡಿದರು. ಆಮೇಲೆ ಫಕೀರವ್ವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಓಣಿಗೆ ನಲ್ಲಿ ತಂದವರು, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದವರು ಎಂದು ಹೊಗಳಿದರು. ಅದರಲ್ಲಿ ಸುಳ್ಳಿರಲಿಲ್ಲ. ಕೊನೆಗೆ ಅಂದಾನಪ್ಪನವರು ಎದ್ದರು. ಊರಿನ ರಕ್ಷಣೆಗೆ ಭೋಂಗಾವನ್ನು ಮತ್ತೆ ಶುರು ಮಾಡುತ್ತಿದ್ದೇವೆ, ಅಕ್ಕಾರ ಕೈಯಿಂದಲೇ ಮೊದಲ ಸಲ ಸ್ವಿಚ್ಚು ಹಾಕಿಸೋಣ, ಅದೇ ಅವರಿಗೆ ನಮ್ಮ ಗೌರವ ಎಂದರು. ದ್ಯಾಮಣ್ಣ ಕ್ಯಾಲೆಂಡರು ತೆಗೆದ.

ಫಕೀರವ್ವ ಎದ್ದಳು. ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ನೆಟ್ಟಗಾಗದ ಎಡಗೈಯನ್ನು ಮೇಜಿನ ಮೇಲಿಟ್ಟು ನಿಂತಳು.

"ಜಿನ್ನಿಗೆ ಬೆಂಕಿ ಬಿದ್ದಾಗ ಈ ಭೋಂಗಾ ಕೇಳೇ ನಾ ಹೊರಗ ಬಂದಾಕಿ. ಅದಕ್ಕ ಅವತ್ತ ಕೈ ಎತ್ತಿದೆ. ನೀವೂ ಎತ್ತೀರಿ. ಬೀರಪ್ಪ ಸತ್ತ ಮ್ಯಾಲ ಇಷ್ಟ ಸಭಾ ಆದ್ವು. ಒಂದರಾಗರ ಆ ಹುಡುಗನ ಹೆಸರ ತಗದೀವೇನು?"

ಸತ್ಕಾರದ ಹೊತ್ತಿನಲ್ಲಿ ಆ ಮಾತು ಯಾಕೆ ಎಂದು ಹಿಂದಿನ ಸಾಲಿನಿಂದ ಒಬ್ಬರು ಗೊಣಗಿದರು.

"ಸತ್ಕಾರ ಮಾಡಾಕತ್ತೀರಿ ಅಂತನ ಕೇಳಾಕತ್ತೀನಿ. ನಾಳಿಂದ ನನ್ನ ಮಾತ ಯಾರ್ ಕೇಳ್ತೀರಿ?"

ಅಂದಾನಪ್ಪನವರಿಗೆ ಸಿಟ್ಟು ಬರಲಿಲ್ಲ. ಅವರ ಮೊಮ್ಮಗಳನ್ನು ಒಂದು ವಾರದಿಂದ ಶಾಲೆಗೇ ಕಳಿಸಿರಲಿಲ್ಲ. ಅವರು ತಗ್ಗಿದ ದನಿಯಲ್ಲಿ ಹೇಳಿದರು, "ಮಂದಿ ಅಂಜ್ಯಾರ ಅಕ್ಕಾರ. ನಾನೂ ಅಂಜೀನಿ. ಅಂಜಿದವರಿಗೆ ಏನ್ ಹೇಳೂದು?"

"ನಾನೂ ಅಂಜೀನ್ರಿ. ಮನ್ಯಾಗ ಒಬ್ಬಾಕಿನ ಇರ್ತೀನಿ. ಆದ್ರ ಕಳ್ಳರಿಗೆ ಅಂಜಿದ್ದಕ್ಕಿಂತ ಹೆಚ್ಚ, ಅವತ್ತ ಸಂಜೀ ಮುಂದ ನಮ್ಮ ಮಂದೀ ಮಾರಿ ನೋಡಿ ಅಂಜೀನಿ. ಎಲ್ಲಾ ನನ್ನ ಓಣಿಯವ್ರ, ನನಗ ಓಟ ಹಾಕಿದವ್ರ. ದೀಪಾ ಹಾಕ್ಸ್ರಿ, ಪೊಲೀಸರನ್ನ ಹೆಚ್ಚ ಕೇಳ್ರಿ. ಮಂದೀನ ಮಾತ್ರ ಹಿಂಗ ಕೂಗಿ ಕರೀಬ್ಯಾಡ್ರಿ."

ಅವಳು ಹಾರ ತೆಗೆದಳು. ಶಾಲನ್ನು ಮಡಿಚಿ ಮೇಜಿನ ಮೇಲಿಟ್ಟಳು. ತನಗೆ ಗೌರವ ಕೊಡುವುದಿದ್ದರೆ ಆ ಹುಡುಗನ ಹೆಸರಿನಲ್ಲಿ ಒಂದು ನಿಮಿಷ ಎದ್ದು ನಿಲ್ಲಿ ಎಂದಳು. ತಾನು ನಿಂತೇ ಇದ್ದಳು.

ಆಮೇಲೆ ಅಂದಾನಪ್ಪನವರ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಕೇಳಿತು. ಅವರ ಹಿಂದೆ ಒಬ್ಬೊಬ್ಬರಾಗಿ ಎದ್ದರು. ಕೆಲವರು ಏಳಲಿಲ್ಲ, ಅವರಲ್ಲೊಬ್ಬನ ಮಗ ಜಾಮೀನಿನ ಮೇಲಿದ್ದ. ಆ ತಂದೆ ಮೇಜಿನ ಮೇಲೆ ತಲೆಯಿಟ್ಟುಕೊಂಡು ಕೂತಿದ್ದ. ನಾನು ಮೇಲೆ ಎಣ್ಣೆ ಕುಡಿದು ಸಿದ್ಧವಾಗಿ ಕಾದಿದ್ದೆ. ಯಾರ ಕೈಯೂ ಸ್ವಿಚ್ಚಿನ ಕಡೆ ಬರಲಿಲ್ಲ.

ಆ ವಾರವೇ ನನ್ನನ್ನು ಇಳಿಸಿದರು. ತಂತಿ ಕತ್ತರಿಸಿ, ಪುರಸಭೆಯ ಹಿಂದಿನ ಉಗ್ರಾಣದಲ್ಲಿ ಕೆಟ್ಟ ಬೀದಿದೀಪಗಳ ಜೊತೆ ಇಟ್ಟರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆದರೆ ನನ್ನನ್ನು ಇಳಿಸಿದ ಮೇಲೆಯೇ ಊರಿಗೆ ನನ್ನ ಕೂಗು ಕೇಳತೊಡಗಿತು. ಸಂಜೆಯಾದರೆ ಕುಂಬಾರ ಓಣಿಯವರು ಕಟ್ಟೆಯಿಂದ ಎದ್ದು ನಿಂತು, ಈಗ ಕೂಗಿತಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರಂತೆ. ಒಬ್ಬರಿಗೆ ಬಾವಿಯ ಕಡೆಯಿಂದ ಕೇಳುತ್ತದೆ, ಇನ್ನೊಬ್ಬರಿಗೆ ಮನೆಯೊಳಗಿನಿಂದಲೇ. ಬಾಗಿಲು ಹಾಕಿಕೊಂಡರೂ ನಿಲ್ಲುವುದಿಲ್ಲವಂತೆ. ದ್ಯಾಮಣ್ಣನಿಗೂ ಕೇಳಿಸಿದೆ. ಅವನು ಉಗ್ರಾಣದ ಬೀಗಕ್ಕೆ ಇನ್ನೊಂದು ಬೀಗ ಹಾಕಿದ್ದಾನೆ.

ನಿನ್ನೆ ಸಂಜೆ ಬೀಗ ತೆಗೆದ ಸದ್ದಾಯಿತು. ಫಕೀರವ್ವ ಒಳಗೆ ಬಂದಳು. ಬಾಗಿಲ ಹೊರಗೆ ಐದಾರು ಜನ, ಒಳಗೆ ಬರಲು ಹೆದರಿ ನಿಂತಿದ್ದರು. ಅವಳು ದೀಪಗಳನ್ನು ಸರಿಸಿ ನನ್ನ ಬಳಿ ಕುಕ್ಕರುಗಾಲಲ್ಲಿ ಕೂತು, ನನ್ನ ಬಾಯೊಳಗೆ ಕೈಹಾಕಿ ಗಾಲಿಯನ್ನು ಹಿಡಿದಳು. ಒಂದು ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು ನಿಂತಿತ್ತು. ಕೈ ತೆಗೆಯದೆ ಹಾಗೆಯೇ ಕೂತು ಕಿವಿಗೊಟ್ಟಳು. ಆಮೇಲೆ ನಿಂತಿದ್ದ ಗಾಲಿಯನ್ನೇ ನಿಲ್ಲಿಸುವಂತೆ ಗಟ್ಟಿಯಾಗಿ ಒತ್ತಿಹಿಡಿದಳು. ಆ ಹೊತ್ತಿನಲ್ಲಿ ಅವಳಿಗೂ ಕೇಳುತ್ತಿತ್ತು ಎಂದು ನನಗೆ ಗೊತ್ತಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು, ಕೈಯ ತುಕ್ಕನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಹೋದಳು.

"ಅದು ಸುಮ್ನನ ಐತಿ," ಎಂದಳು. "ಕೂಗಿದ್ದು ಅದಲ್ಲ. ನಡೀರಿ, ಕೆಂಚವ್ವನ ಮನೀಗೆ ಹೋಗೂಣು. ಇಷ್ಟ ದಿನಾ ಆದ್ರೂ ಒಬ್ರೂ ಹೋಗಿಲ್ಲ."

ಅವಳು ಇಳಿದು ನಡೆದಳು. ಸ್ವಲ್ಪ ತಡವಾಗಿ, ಒಂದು ಜೊತೆ ಚಪ್ಪಲಿಯ ಸದ್ದು ಅವಳ ಹಿಂದೆ ಹೋಯಿತು, ಆಮೇಲೆ ಇನ್ನೊಂದು. ಉಳಿದವರು ಅಲ್ಲೇ ನಿಂತಿದ್ದರು. ಕತ್ತಲಾಗುವ ತನಕ ಅವರ ಉಸಿರು ನನಗೆ ಕೇಳುತ್ತಿತ್ತು.