ಕೌದಿಯ ಖಾಲಿ ಚೌಕ

ಹಿಂದೆ ಹಿಂದೆ, ಅಂದರೆ ಹೋದ ಶ್ರಾವಣದಲ್ಲಿ, ಧಾರವಾಡದಲ್ಲಿ ಈರವ್ವನೆಂಬ ಮುದುಕಿ ತನ್ನ ಹಳೇ ಸೀರೆಗಳನ್ನೆಲ್ಲ ಕೂಡಿಸಿ, ಕತೆ ಹೇಳುತ್ತ ಕೌದಿ ಹೊಲಿಯುತ್ತಿದ್ದಳು. ಅವಳ ರಾಜ್ಯಕ್ಕೆ ಒಬ್ಬಳೇ ಪ್ರಜೆ, ಮೊಮ್ಮಗಳು ಸೌಮ್ಯಾ. ಕೌದಿಯ ನಟ್ಟನಡುವೆ ಒಂದು ಚೌಕ ಖಾಲಿ ಬಿಟ್ಟು ಮುದುಕಿ ಹೇಳಿದಳು:

"ಇಲ್ಲಿ ಈಗ ನಾ ಉಟ್ಟ ಸೀರಿ ತುಂಡು ಹಚ್ಚಬೇಕವ್ವಾ. ಇದು ಹರಿಯೂತನಕ ನಾ ಇರಂಗಿಲ್ಲ. ನೀ ಮುಗಸ್ತಿ?"

"ಮುಗಸ್ತೇನಿ ಬಿಡ ಆಯಿ. ಮೊದಲ ನಿನ್ನ ಕತಿ ಮುಗಸು."

ಕತೆ ಮುಗಿಯಲಿಲ್ಲ. ಬಳಗದವರು ಈರವ್ವನನ್ನು ಅದೇ ಸೀರೆಯಲ್ಲಿ ಕೂರಿಸಿ ಮಣ್ಣು ಮಾಡಿದರು. ಸೆರಗಿನ ಚೂರೊಂದನ್ನು ಕತ್ತರಿಸಿಕೊಳ್ಳಬೇಕಿತ್ತೆಂದು ಸೌಮ್ಯಾಳಿಗೆ ಹೊಳೆದದ್ದು, ಎಲ್ಲರೂ ಹೋಗಿ ಮನೆಯಲ್ಲಿ ಒಬ್ಬಳೇ ದೀಪ ಹಚ್ಚಿದಾಗ.

ಬಣ್ಣ ನೆನಪಿದೆ ಎಂದುಕೊಂಡಿದ್ದಳು. ಕಣ್ಣು ಮುಚ್ಚಿದರೆ ಒಮ್ಮೆ ನವಿಲುಗೊರಳು, ಒಮ್ಮೆ ಬದನೆಕಾಯಿ. ದಿನವೂ ಎದುರಿಗಿದ್ದದ್ದನ್ನು ಯಾರು ನೋಡಿರುತ್ತಾರೆ? ಫೋನಿನಲ್ಲಿದ್ದದ್ದು ಒಂದೇ ಪಟ: ಪೂಜೆ ಮುಗಿಸಿ ಹಳದಿ ಬಲ್ಬಿನ ಕೆಳಗೆ ನಗುತ್ತಿರುವ ಅಜ್ಜಿ. ಅದರಲ್ಲಿ ಸೀರೆ ಹುಣಸೆಹಣ್ಣಿನ ಬಣ್ಣ.

ಆ ಪಟ ಹಿಡಿದು ದುರ್ಗದಬೈಲಿನ ಪೇಟೆಗೆ ಹೋದಳು. ಬಟ್ಟೆ ಅಂಗಡಿಯ ಶಮೀಮ ಥಾನಿನ ಮೇಲೆ ಥಾನು ಬಿಚ್ಚಿ ಬೇಸತ್ತಳು.

"ಅಕ್ಕಾರ, ಹೆಣ್ಣು ನೋಡಾಕ ಬಂದೋರೂ ಇಷ್ಟು ತಿರುವಿ ಮುರುವಿ ನೋಡಂಗಿಲ್ರಿ! ಆ ಸೀರಿನ ತಂದ್ಬಿಡ್ರಿ."

"ಸೀರಿ ಇಲ್ರಿ. ಪಟ ಅಷ್ಟ ಐತಿ."

ಶಮೀಮ ಫೋನು ನೋಡಿ ದನಿ ತಗ್ಗಿಸಿದಳು. "ನಿಮ್ಮ ಅಜ್ಜಿ ಏನ್ರಿ? ಕುಂದರ್ರಿ, ಚಾ ತರಸ್ತೇನಿ."

ಹುಣಸೆ ಬಣ್ಣದ ತುಂಡು ಮನೆಗೆ ಬಂತು. ಚೌಕದ ಮೇಲಿಟ್ಟರೆ ಗುರುತಿಲ್ಲದವಳೊಬ್ಬಳು ಅಜ್ಜಿಯ ಜಾಗದಲ್ಲಿ ಬಂದು ಕೂತಂತಿತ್ತು. ಸೌಮ್ಯಾ ಅದನ್ನು ತೆಗೆದಿಟ್ಟು, ಊಟ ಮಾಡದೆ ಮಲಗಿದಳು.

ಅವಳ ಕೆಲಸ ಮೆಣಸಿನಕಾಯಿ ಆರಿಸುವ ಯಂತ್ರಕ್ಕೆ ಬಣ್ಣ ಕಲಿಸುವುದು. ಕ್ಯಾಮೆರಾದ ಪಾಲಿಗೆ ಬಣ್ಣವೆಂದರೆ ಮೂರು ಅಂಕಿ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಮೂರೂ ಸಮನಾಗಿ ತುಂಬಿದ್ದರೆ ಬಿಳಿ. ಬೆಳಕು ಬದಲಾದರೆ ಅಂಕಿಗಳೂ ಬದಲು. ಅದಕ್ಕೇ ದಿನಾ ಮುಂಜಾನೆ ಒಂದು ಬಿಳಿ ಬಿಲ್ಲೆ ತೋರಿಸಿ, 'ನೋಡು, ಇದು ಬಿಳಿ' ಎಂದು ಒಪ್ಪಿಸಿದ ಮೇಲೆಯೇ ಕಾಯಿ ಸುರಿಯುವುದು. ಮರುದಿನ ಬಿಲ್ಲೆ ಹಿಡಿದ ಕೈ ಹಾಗೇ ನಿಂತಿತು. ಅಜ್ಜಿಯ ಪಟದಲ್ಲಿ ಬಿಳಿ ಯಾವುದಿದೆ?

ವಿಭೂತಿ! ಹಣೆಯ ಅಗಲಕ್ಕೂ ದಟ್ಟವಾಗಿ ಎಳೆದ ಗೆರೆಗಳು, ಪಟದಲ್ಲಿ ಅರಿಸಿನದಂತೆ ಹಳದಿ.

ಸಂಜೆ ಕಂಪ್ಯೂಟರಿನಲ್ಲಿ ಆ ಗೆರೆಗಳ ಮೂರೂ ಅಂಕಿ ಸಮನಾಗುವವರೆಗೆ ಇಡೀ ಪಟದ ಹಳದಿಯನ್ನು ಇಳಿಸಿದಳು. ವಿಭೂತಿ ಬೆಳ್ಳಗಾಯಿತು. ಹಿಂದಿನ ಗೋಡೆಯ ಸುಣ್ಣವೂ ಬೆಳ್ಳಗಾಯಿತು. ಹುಣಸೆ ಕರಗಿ, ಮಾಗಿದ ನೇರಳೆಹಣ್ಣಿನ ಬಣ್ಣ ಮೆಲ್ಲಗೆ ಮೇಲೆದ್ದಿತು.

"ಇದಾ ಆಯಿ, ಇದಾ!" ಎಂದು ಕೂಗಿಬಿಟ್ಟಳು. ಹೂಂ ಎನ್ನಲು ಮನೆಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಶಮೀಮ ಹುಡುಕಿಕೊಟ್ಟ ನೇರಳೆ ತುಂಡನ್ನು ತಂದು, ಹೊಸ್ತಿಲ ಬಳಿ ಬಿಸಿಲಿಗೆ ಕೂತು, ಅಂಚು ಒಳಮಡಚಿ ಹೊಲಿಯತೊಡಗಿದಳು. ಅಜ್ಜಿಯ ಹೊಲಿಗೆ ನೇಗಿಲ ಸಾಲಿನಂತೆ ನೆಟ್ಟಗಿತ್ತು, ಇವಳದು ವಾರೆ. ಬಿಚ್ಚಲಿಲ್ಲ. ಬಿಸಿಲು ಅಂಗಳಕ್ಕೆ ಸರಿಯುವ ಹೊತ್ತಿಗೆ ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು.