ಮೂಳೆ ಉಳಿಯದ ಮಣ್ಣು

ಕೆರಿಯಮ್ಮನ ಮಗಳು ಕನ್ನಮ್ಮ ಏಳು ತುಂಬುವ ಮೊದಲೇ ವಿಷಮಜ್ವರದಲ್ಲಿ ತೀರಿಕೊಂಡಿದ್ದಳು. ಬ್ಯಾಕೋಡಿನಾಚೆ, ಹೊಳೆದಂಡೆಯ ಗದ್ದೆಗೆ ಹೊಂದಿಕೊಂಡ ದಿಬ್ಬದಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಸಸಿ ನೆಡುವಾಗ ಕೆರಿಯಮ್ಮ ತಲೆಯೆತ್ತಿದರೆ ದಿಬ್ಬ ಕಾಣುತ್ತಿತ್ತು. ಎಷ್ಟೋ ಮಳೆಗಾಲ ಅವಳು ಅಷ್ಟರಲ್ಲೇ ಸಮಾಧಾನ ಮಾಡಿಕೊಂಡಿದ್ದಳು.

ಲಿಂಗನಮಕ್ಕಿಯ ಅಣೆಕಟ್ಟು ಏಳುತ್ತಿದ್ದಂತೆ ಊರು ಖಾಲಿ ಮಾಡಬೇಕಾಯಿತು. ಹೊಸನಗರದ ಕಡೆ ಜಾಗ ಸಿಕ್ಕಿತು. ಗಂಟು ಕಟ್ಟುವಾಗ ಅವಳು ಗಂಡ ಹೂವಪ್ಪನಿಗೆ ಹೇಳಿದಳು:

"ಮಗೀನ ನೀರಿಗೆ ಬಿಟ್ಟು ನಾ ಬರಲ್ಲ. ಒಂದೆರಡು ಮೂಳೆನಾದ್ರೂ ತಗಂಡು ಹೋಗಣ. ಅಲ್ಲೇ ಮನೆ ಹತ್ರ ಮಣ್ಣು ಮಾಡಣ."

ಹೂವಪ್ಪ ಗುದ್ದಲಿ ಹಿಡಿದು ಹೋದ, ಹಿಂದೆಯೇ ಕೆರಿಯಮ್ಮ. ಗುರುತಿಗೆ ನಿಲ್ಲಿಸಿದ್ದ ಕಲ್ಲು ದನಗಳ ಕಾಲಿಗೆ ಸಿಕ್ಕಿ ಎಂದೋ ಉರುಳಿತ್ತು. ನೆನಪಿನ ಮೇಲೆ ಅಗೆದ. ಎದೆಮಟ್ಟ ಇಳಿದರೂ ಕೆಂಪು ಮಣ್ಣಲ್ಲದೆ ಏನೂ ಸಿಗಲಿಲ್ಲ.

"ಜಾಗ ತಪ್ಪಿದೀರಿ."

"ಇಲ್ಲ ಕಣೆ, ಇದೇ ಜಾಗ."

ಆದರೂ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿದ. ಅಲ್ಲೂ ಬರೀ ಮಣ್ಣು. ಸಾಮಾನು ಹೇರಿಕೊಂಡು ನಿಂತಿದ್ದ ಲಾರಿಯವನು ಹಾರನ್ ಹೊಡೆಯತೊಡಗಿದ ಮೇಲೆ ಗುದ್ದಲಿ ಎತ್ತಿಕೊಂಡು ಬಂದ.

ಹೊಸ ಜಾಗದಲ್ಲಿ ಗದ್ದೆಯಾಯಿತು, ಎಮ್ಮೆ ಕರು ಹಾಕಿತು. ಆದರೆ ಗಂಡನ ಜೊತೆ ಕೆರಿಯಮ್ಮನ ಮಾತು ಊಟಕ್ಕೂ ದನಕ್ಕೂ ಬೇಕಾದಷ್ಟಕ್ಕೆ ಇಳಿದಿತ್ತು. ಮಗಳು ಅಲ್ಲೇ ಎಲ್ಲೋ ಮಗ್ಗುಲಲ್ಲಿದ್ದಳು, ಇವನು ಸರಿಯಾಗಿ ಹುಡುಕದೆ ಬಿಟ್ಟು ಬಂದ ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸಾರು ಕುದಿಯುವಾಗ, ಕಟ್ಟಿಗೆ ಸೀಳುವಾಗ, ಸುಮ್ಮನೆ ಆ ದಿಬ್ಬದ ಮೇಲೆ ನೀರು ಏರುವುದು ಕಣ್ಣಿಗೆ ಬರುತ್ತಿತ್ತು.

ಮೂರ್ನಾಲ್ಕು ವರ್ಷದ ಮೇಲೆ ಹೈಸ್ಕೂಲಿಗೆ ತೀರ್ಥಹಳ್ಳಿಯಿಂದ ಮನೋರಮಾ ಎಂಬ ವಿಜ್ಞಾನದ ಟೀಚರು ಬಂದರು. ಅವರ ಮನೆಗೆ ಕೆರಿಯಮ್ಮನೇ ಹಾಲು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಹೋದಾಗ ಟೀಚರು ಜಗಲಿಯಲ್ಲಿ ದಪ್ಪ ಕಾಗದ ಹಾಸಿಕೊಂಡು, ಪಾಠಕ್ಕೆಂದು ಮೂಳೆಗಳ ಚಿತ್ರ ಬರೆಯುತ್ತಿದ್ದರು. ಒಂದು ದವಡೆ, ಕೆಲವು ಬೆರಳಿನ ಚೂರು.

"ಯಾರದಮ್ಮ ಇದು?"

"ಆಫ್ರಿಕಾದಲ್ಲಿ ಸಿಕ್ಕಿದ್ದು. ಒಂದು ಮಗೂದು. ಕೊನೇ ದವಡೆಹಲ್ಲು ಇನ್ನೂ ಮೂಡಿರಲಿಲ್ಲ, ಅದ್ರಿಂದ ಮಗು ಅಂತ ಗೊತ್ತಾಯ್ತು."

"ದವಡೆ ನಮ್ಮ ಥರ ಇಲ್ವಲ್ಲ. ಮಂಗನ ಮರಿಯಾ, ಮನುಷ್ಯರದಾ?"

"ನಡುವಿಂದು ಅನ್ನಿ. ತಲೆಬುರುಡೆ ನಮ್ಮದರ ಅರ್ಧದಷ್ಟು. ಆದ್ರೆ ಕೈ ನೋಡಿ, ಕಲ್ಲು ಹಿಡಿದು ಕೆಲಸ ಮಾಡಬಲ್ಲ ಕೈ. ಮನುಷ್ಯ ಹಿಂದಿನ ಪ್ರಾಣಿಗಳಿಂದ ಬಂದ ಅನ್ನೋದಕ್ಕೆ ಇಂಥ ಮೂಳೆಗಳೇ ಸಾಕ್ಷಿ."

"ಸತ್ತು ಎಷ್ಟು ದಿನ ಆಗಿತ್ತು?"

"ಹದಿನೇಳು ಲಕ್ಷ ವರ್ಷದ ಮೇಲಾಯ್ತು ಅಂತಾರೆ."

ಕೆರಿಯಮ್ಮ ಹಾಲಿನ ತಂಬಿಗೆ ಕೆಳಗಿಟ್ಟು ಅಲ್ಲೇ ಕುಳಿತಳು. ಆಮೇಲೆ ದಿಬ್ಬದ್ದು, ಗುಂಡಿಯದು, ಎಲ್ಲ ಹೇಳಿದಳು. "ನಮ್ಮ ಹುಡುಗೀದು ಹತ್ತು ವರ್ಷಕ್ಕೇ ಒಂದು ಹಲ್ಲೂ ಸಿಗಲಿಲ್ಲ ಟೀಚರಮ್ಮ. ಜಾಗ ತಪ್ಪಿತ್ತು."

ಮನೋರಮಾ ಪೆನ್ಸಿಲು ಇಟ್ಟರು. "ನಾನು ಆ ಜಾಗ ನೋಡಿಲ್ಲ, ಕೆರಿಯಮ್ಮ. ಆದ್ರೆ ನಮ್ಮ ಕಡೆ ಮಣ್ಣು ಹುಳಿ. ಇಷ್ಟು ಮಳೆ ಬೇರೆ. ಎಳೆ ಮೂಳೆ ಬೇಗ ಕರಗಿ ಹೋಗುತ್ತೆ. ಆಫ್ರಿಕಾದಲ್ಲಾದ್ರೆ ಕೆರೆ ಕೆಸರು, ಅದ್ರ ಮೇಲೆ ಬೆಂಕಿ ಕಾರುವ ಬೆಟ್ಟದ ಬೂದಿ. ಅದ್ರೊಳಗೆ ಮೂಳೆ ಕಲ್ಲಾಗಿ ಉಳೀತು. ನಿಮ್ಮ ಯಜಮಾನ್ರು ಸರಿಯಾದ ಜಾಗದಲ್ಲೇ ಅಗೆದಿರಬಹುದು."

ಕೆರಿಯಮ್ಮ ಚಿತ್ರದ ಹಲ್ಲುಗಳನ್ನು ನೋಡಿದಳು. ಕನ್ನಮ್ಮನಿಗೆ ಆಗಷ್ಟೇ ಮುಂದಿನ ಹಲ್ಲು ಬಿದ್ದು ಹೊಸದು ಇಣುಕುತ್ತಿತ್ತು. ಮುಳುಗಿದ ತನ್ನ ಊರಲ್ಲೂ ಯಾವುದಾದರೂ ಬೆಟ್ಟ ಒಂದಿಷ್ಟು ಬೂದಿ ಸುರಿದಿದ್ದರೆ ಎಂದುಕೊಂಡಳು.

"ಇದರ ತಾಯಿ?"

"ಸಿಕ್ಕಿಲ್ಲ."

ಕೆರಿಯಮ್ಮ ಸೆರಗಿಗೆ ಬೆರಳೊರೆಸಿಕೊಂಡು, ಚಿತ್ರದ ಪುಟ್ಟ ಬೆರಳಿನ ಮೇಲೆ ಅದನ್ನು ಮೆಲ್ಲನೆ ಇಟ್ಟಳು.

ಆ ಮಧ್ಯಾಹ್ನ ಹೂವಪ್ಪ ಉಣ್ಣುತ್ತಿದ್ದಾಗ ಅವಳು ಎದುರಿಗೆ ಬಂದು ಕುಳಿತಳು.

"ನೀವು ಅಗೆದಿದ್ದು ಅದೇ ಜಾಗ ಇರ್ಬೇಕು. ಮಗಳು ಅಲ್ಲೇ ಮಣ್ಣಾಗಿದ್ಲಂತೆ. ನಾ ಸುಮ್ನೆ ನಿಮ್ಮ ಮೇಲೆ ಮುನಿಸ್ಕಂಡಿದ್ದೆ."

ಹೂವಪ್ಪನ ಕೈ ತುತ್ತಿನ ಜೊತೆ ತಟ್ಟೆಯಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಅವಳು ಆಫ್ರಿಕಾದ ಮಗುವಿನ ಸಂಗತಿಯನ್ನೂ ತನಗೆ ತಿಳಿದಷ್ಟು ಹೇಳಿದಳು. ಅವನು ಕೇಳಿಸಿಕೊಂಡು ಕೇಳಿದ:

"ಹೆಣ್ಣಾ, ಗಂಡಾ?"

"ಕೇಳ್ಲಿಲ್ಲ."

"ನಾಳೆ ಹಾಲು ಹಾಕಕ್ಕೆ ಹೋಗುವಾಗ ನಾನೂ ಬತ್ತೀನಿ," ಎಂದ ಹೂವಪ್ಪ. "ಆ ಮಗೀನ ಚಿತ್ರ ಒಂದ್ಸಲ ನೋಡ್ಬೇಕು."